ಒಳಮಗ್ಗುಲಿನ ಹೊಲಿಗೆ

ಯುದ್ಧ ಮುಗಿದು ನಲವತ್ತೆಂಟು ವರ್ಷವಾದ ಮೇಲೆ ನಮ್ಮ ತಾತನನ್ನು ವೇದಿಕೆಗೆ ಕರೆದರು. ಅಲ್ಲಿಯವರೆಗೆ ಅವರಿಗೆ ನಮ್ಮ ಮನೆ ಕಂಡಿರಲಿಲ್ಲ. ಮಾಜಿ ಸೈನಿಕರ ಸಂಘದ ಕಚೇರಿ ಇರುವುದು ನಮ್ಮ ಬೀದಿಯ ತುದಿಯಲ್ಲೇ, ಔಷಧಿ ಅಂಗಡಿಯ ಮಹಡಿಯ ಮೇಲೆ. ಅದರ ಕಿಟಕಿಯಿಂದ ಬಗ್ಗಿ ನೋಡಿದರೆ ನಾವು ಬಟ್ಟೆ ಒಣಹಾಕುವ ಹಗ್ಗ ಕಾಣುತ್ತದೆ. ಆದರೂ ಕಂಡಿರಲಿಲ್ಲ.

ಕಾರಣ ಇಷ್ಟೆ: ತಾತ ಬಂದೂಕು ಹಿಡಿದವನಲ್ಲ, ಸ್ಟ್ರೆಚರ್ ಹಿಡಿದವನು. ಗುಂಡು ತಗುಲಿದವರನ್ನು ಬಿದ್ದಲ್ಲಿಂದ ಎತ್ತಿ ಡಾಕ್ಟರ ಡೇರೆಯವರೆಗೆ ಹೊತ್ತು ತರುವುದು ಅವನ ಕೆಲಸ. ಹದಿನಾಲ್ಕು ತಿಂಗಳು ಅದನ್ನೇ ಮಾಡಿದ. ಸಂಘದ ನಿಯಮದಲ್ಲಿ 'ಹೋರಾಡಿದವರು' ಅಂತ ಬರೆದಿತ್ತಂತೆ. "ನೀವು ಹೋರಾಡಿಲ್ವಲ್ಲ ಯಜಮಾನ್ರೇ, ಹೊತ್ತಿದೀರಿ ಅಷ್ಟೇ" ಎಂದು ಆಗಿನ ಕಾರ್ಯದರ್ಶಿ ಅರ್ಜಿಯನ್ನು ನಾಲ್ಕಾಗಿ ಮಡಚಿ ಕೈಗಿಟ್ಟಿದ್ದ. ಆ ಮಾತು ಮಹಡಿ ಇಳಿದು ಬೀದಿಗೆ ಬರುವಷ್ಟರಲ್ಲಿ ತಾತನಿಗೆ ಹೆಸರೇ ಬದಲಾಗಿತ್ತು. ಹಮಾಲಿ. ಹಾಲಿನವನೂ ಹಮಾಲಿ ತಾತ ಅಂತಲೇ ಕೂಗುತ್ತಿದ್ದ, ಪ್ರೀತಿಯಿಂದ. ಪ್ರೀತಿಯಿಂದ ಕೂಗಿದರೆ ಇನ್ನೂ ಉರಿಯುತ್ತದೆ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಬೆಂಚಿನವನು ಕೇಳಿದ, "ನಿಮ್ ತಾತ ಯುದ್ಧದಲ್ಲಿ ಮೂಟೆ ಹೊತ್ತನಂತಲ್ಲೋ, ಒಂದು ಹೆಣಕ್ಕೆ ಎಷ್ಟು ಕೂಲಿ?" ಅವನ ಎರಡು ಹಲ್ಲು ಉದುರಿದವು. ಕ್ಷಮೆ ಕೇಳು ಅಂದರು. ಕೇಳಲಿಲ್ಲ. ಮಾರನೆಯ ವಾರ ನಾನು ಟೈಲರ್ ಮಾಸ್ಟರ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತ ಕೂತಿದ್ದೆ. ಸಂಘದ ಕರೆ ಬರುವ ಹೊತ್ತಿಗೆ ಅಲ್ಲಿ ಏಳು ವರ್ಷವಾಗಿತ್ತು. ತೇಪೆ, ರಫು, ಜಿಪ್ಪು, ಹಳೆಯದನ್ನು ಹೊಸದು ಮಾಡುವ ಎಲ್ಲ ಕೆಲಸವೂ ಬರುತ್ತದೆ. ಹೇಳಿಕೊಳ್ಳಬಾರದು, ಆದರೆ ನಾನು ಹಾಕಿದ ತೇಪೆಯನ್ನು ಹುಡುಕಬೇಕಾದರೆ ಬಟ್ಟೆಯನ್ನು ಬೆಳಕಿಗೆ ಹಿಡಿಯಲೇಬೇಕು.

ಕರೆಯಲು ಬಂದವನು ಹೊಸ ಕಾರ್ಯದರ್ಶಿ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವನಿರಬಹುದು. ಚಪ್ಪಲಿ ಬಿಟ್ಟು ಒಳಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತ.

"ತಾತ, ಈ ಭಾನುವಾರ ಹತ್ತು ಗಂಟೆಗೆ ಸ್ಮಾರಕದ ಹತ್ರ ಸಭೆ ಇದೆ. ಸ್ಟ್ರೆಚರ್ ಹೊತ್ತೋರನ್ನೂ ಗೌರವಿಸ್ಬೇಕು ಅಂತ ತೀರ್ಮಾನ ಮಾಡಿದೀವಿ. ನೀವು ಬಂದು ಎರಡು ಮಾತಾಡ್ಬೇಕು."

"ಬೇರೆಯೋರೆಲ್ಲ ಸಾಯ್ಲಿ ಅಂತ ಕಾಯ್ತಿದ್ರಾ?" ಎಂದೆ ನಾನು ಅಡುಗೆಮನೆಯ ಬಾಗಿಲಿನಿಂದ.

ಅಮ್ಮ ನನ್ನ ರಟ್ಟೆ ಜಿಗುಟಿದಳು. ಅವನು ಪಾಪ, ತಲೆ ತಗ್ಗಿಸಿದ. ಅವನ ತಪ್ಪೇನೂ ಇರಲಿಲ್ಲ, ಅದು ನನಗೆ ಗೊತ್ತಿತ್ತು. ಆದರೆ ನಮ್ಮ ಮನೆಯೊಳಗೆ ಕಾಲಿಟ್ಟ ಸಂಘದವನು ಅವನೊಬ್ಬನೇ, ಬೈಯಲು ಬೇರೆ ಯಾರಿದ್ದರು?

"ಬರ್ತೀನಿ," ಎಂದ ತಾತ. "ಮಾತೂ ಆಡ್ತೀನಿ."

ಅಮ್ಮ ತಾತನ ಒಬ್ಬಳೇ ಮಗಳು. ನಲವತ್ತಾರು ವರ್ಷ ಅವನ ಜೊತೆಗಿದ್ದವಳು. ಯುದ್ಧದ ಬಗ್ಗೆ ಅವನ ಬಾಯಿಂದ ಒಂದು ಮಾತು ಕೇಳಿದವಳಲ್ಲ. ಲೋಟ ತೊಳೆಯುತ್ತಿದ್ದವಳು ಕೈ ಒರೆಸಿಕೊಳ್ಳದೆ ಹೊರಗೆ ಬಂದಳು.

"ಏನ್ ಮಾತಾಡ್ತೀಯಪ್ಪ?"

"ಹೇಳೋದೇನಿಲ್ಲ. ತೋರಿಸ್ತೀನಿ. ಅಷ್ಟು ಜನರ ಮುಂದೆ ಒಂದು ಸಲ ತೋರಿಸಿಬಿಟ್ರೆ ನನ್ನ ಕೆಲಸ ಮುಗೀತು."

"ಏನ್ ತೋರಿಸ್ತೀಯ ತಾತ?" ಎಂದೆ.

"ಭಾನುವಾರ ನೋಡುವಿಯಂತೆ, ಅವಸರದೋನೇ."

ತೋರಿಸಲು ಅವನ ಬಳಿ ಇದ್ದದ್ದು ಒಂದೇ ವಸ್ತು ಎಂದುಕೊಂಡೆ. ಪದಕವಿಲ್ಲ, ಫೋಟೊ ಇಲ್ಲ. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ ಮಿಲಿಟರಿ ಜಾಕೆಟ್ ಒಂದಿತ್ತು. ದಪ್ಪ ಹತ್ತಿಯದು, ಒಂದು ಕಾಲಕ್ಕೆ ಹಸಿರು. ನಾಲ್ಕು ದೊಡ್ಡ ಜೇಬು, ಸೊಂಟಕ್ಕೆ ಲಾಡಿ. ದಿನಾ ಸಂಜೆ ತಾತ ಅದನ್ನು ತೊಡೆಯ ಮೇಲೆ ಹರಡಿಕೊಂಡು, ಎಡಗಡೆಯ ಒಳಮಗ್ಗುಲಿಗೆ ಕೈ ತೂರಿಸಿ, ಕಿಟಕಿಯ ಹೊರಗೆ ನೋಡುತ್ತ ಅರ್ಧ ಗಂಟೆ ಕೂರುತ್ತಿದ್ದ. ಕಣ್ಣಿಗೆ ಪೊರೆ ಬಂದು ಹೊರಗಿನದು ಏನೂ ಕಾಣುತ್ತಿರಲಿಲ್ಲ, ಆದರೂ ನೋಡುತ್ತಿದ್ದ. "ವಯಸ್ಸಾಯ್ತು, ಕೈ ತಣ್ಣಗಾಗುತ್ತೆ" ಎನ್ನುತ್ತಿದ್ದಳು ಅಮ್ಮ. ನಾವು ಹಾಗೆಂದೇ ನಂಬಿದ್ದೆವು.

ಆ ಜಾಕೆಟ್ಟಿನ ಅವಸ್ಥೆ ಹೇಳುವಂತಿರಲಿಲ್ಲ. ಜಿಪ್ಪಿನ ಹಲ್ಲು ಅರ್ಧಕ್ಕರ್ಧ ಉದುರಿತ್ತು. ಟಿಚ್ ಬಟನ್‌ಗಳು ತುಕ್ಕು ಹಿಡಿದಿದ್ದವು. ಎರಡೂ ಮೊಣಕೈ ಹರಿದಿತ್ತು, ಕಾಲರಿಗೆ ಹುಳ ಬಿದ್ದಿತ್ತು. ಅದನ್ನು ಹಾಕಿಕೊಂಡು ತಾತ ವೇದಿಕೆ ಹತ್ತುತ್ತಾನೆ. ಕೆಳಗೆ ಸಂಘದವರು ಪದಕ ಹೊಳೆಸುತ್ತ ಕೂತಿರುತ್ತಾರೆ. ನೋಡಿ, ಹಮಾಲಿ ಬಂದ, ಎನ್ನುತ್ತಾರೆ. ಆ ಚಿತ್ರ ಕಣ್ಣ ಮುಂದೆ ಬಂದು ನನಗೆ ರಾತ್ರಿ ಊಟ ಸೇರಲಿಲ್ಲ.

ಗುರುವಾರ ಬೆಳಿಗ್ಗೆ ತಾತ ಸ್ನಾನಕ್ಕೆ ಹೋದಾಗ ಜಾಕೆಟ್ಟನ್ನು ಚೀಲಕ್ಕೆ ತುರುಕಿಕೊಂಡು ಅಂಗಡಿಗೆ ಹೋದೆ. ತಾತ ಹುಡುಕಿದರೆ ಒಗೆಯೋಕೆ ಹಾಕಿದೀವಿ ಅನ್ನು ಎಂದು ಅಮ್ಮನಿಗೆ ಹೇಳಿದ್ದೆ.

ಎರಡು ದಿನ ಮಧ್ಯಾಹ್ನದ ಬಿಡುವಿನಲ್ಲೆಲ್ಲ ಅದೇ ಕೆಲಸ. ಹೊಸ ಜಿಪ್ಪು ಕೂರಿಸಿದೆ. ಒಳಜೇಬಿನ ಬಟ್ಟೆಯನ್ನೇ ಕತ್ತರಿಸಿ ಮೊಣಕೈಗೆ ತೇಪೆ ಹಾಕಿದೆ, ಬಣ್ಣ ಹೊಂದಲಿ ಅಂತ. ಕಾಲರಿನ ತೂತುಗಳನ್ನು ಒಂದೊಂದೇ ಎಳೆಯಿಂದ ರಫು ಮಾಡಿದೆ.

"ಗಿರಾಕಿ ಕೆಲಸಕ್ಕೆ ಈ ಶ್ರದ್ಧೆ ಎಲ್ಲಿ ಹೋಗಿರುತ್ತೋ?" ಎಂದರು ಮಾಸ್ಟರ್.

"ಗಿರಾಕಿ ನನ್ನ ತಾತ ಅಲ್ವಲ್ಲ ಮಾಸ್ಟರ್."

"ನಾನೂ ಅಲ್ಲ ಬಿಡು. ನನ್ನ ಪ್ಯಾಂಟಿನ ಜೇಬು ಮೂರು ತಿಂಗಳಿಂದ ಹರಿದಿದೆ."

ಕೊನೆಗೆ ಜಾಕೆಟ್ಟಿನ ಒಳಮಗ್ಗುಲು ಹೊರಗೆ ಮಾಡಿ ಮೇಜಿನ ಮೇಲೆ ಹರಡಿದೆ. ಎಡಗಡೆ ಎದೆಯಿಂದ ಸೊಂಟದವರೆಗೆ ಉದ್ದುದ್ದ ಕೈಹೊಲಿಗೆ. ಸಾಲು ಸಾಲು. ಒಂದೊಂದಕ್ಕೂ ಒಂದೊಂದು ದಾರ, ಕೆಲವು ಅಡ್ಡಕ್ಕೆ, ಕೆಲವು ಉದ್ದಕ್ಕೆ, ತುದಿಗೊಂದು ಗಂಟು. ಯಾವ ಹೊಲಿಗೆಯೂ ಏನನ್ನೂ ಹಿಡಿದುಕೊಂಡಿರಲಿಲ್ಲ.

ನಮ್ಮ ಕಸುಬಿನಲ್ಲಿ ಕೋಟು ಹೊಲಿಯುವಾಗ ಮೊದಲು ಕಚ್ಚಾ ಹೊಲಿಗೆ ಹಾಕುತ್ತೇವೆ. ಬಟ್ಟೆ ಜರುಗದಿರಲಿ ಅಂತ, ಕೈಗೆ ಸಿಕ್ಕ ದಾರದಲ್ಲಿ, ದೊಡ್ಡ ದೊಡ್ಡ ಹೊಲಿಗೆ. ಮಷಿನ್ ಹೊಲಿಗೆ ಬಿದ್ದ ಮೇಲೆ ಕಿತ್ತು ಹಾಕುವುದು. ಕಚ್ಚಾ ಉಳಿಸಿಕೊಂಡೇ ಬಟ್ಟೆ ಕೊಟ್ಟರೆ ಮುಖ ತೊಳೆಯದೆ ಮದುವೆಗೆ ಹೋದ ಹಾಗೆ ಎಂದು ಮಾಸ್ಟರ್ ಮೊದಲ ದಿನವೇ ಹೇಳಿಕೊಟ್ಟಿದ್ದರು. ಏಳು ವರ್ಷದಲ್ಲಿ ನನ್ನ ಬೆರಳುಗಳಿಗೆ ಅದು ಎಷ್ಟು ರೂಢಿಯಾಗಿತ್ತು ಎಂದರೆ ಕಚ್ಚಾ ಕಂಡರೆ ಬ್ಲೇಡು ತಾನಾಗಿ ಕೈಗೆ ಬರುತ್ತಿತ್ತು.

"ನೋಡಿ ಮಾಸ್ಟರ್, ಮಿಲಿಟರಿ ದರ್ಜಿಗಳ ಕೆಲಸ. ಕಚ್ಚಾ ಬಿಚ್ಚದೇ ಕೊಟ್ಟಿದಾರೆ."

ಮಾಸ್ಟರ್ ಕನ್ನಡಕದ ಮೇಲಿನಿಂದ ನೋಡಿದರು. "ಯುದ್ಧದ ಅವಸರ. ಬಿಚ್ಚು."

ಅರ್ಧ ಬ್ಲೇಡು ತಗೊಂಡು ಶುರು ಮಾಡಿದೆ. ಗಂಟುಗಳು ಗಟ್ಟಿಯಾಗಿದ್ದವು. ಎಲ್ಲಕ್ಕಿಂತ ಮೇಲೆ, ಎದೆಯ ನೇರಕ್ಕೆ, ಒಂದು ಹೊಲಿಗೆ ಮಾತ್ರ ಜೋಡಿ ಎಳೆಯದು. ಕಂದು ಬಣ್ಣದ ಒರಟು ಹುರಿ. ಬ್ಲೇಡಿಗೆ ಬಗ್ಗಲಿಲ್ಲ. ಕತ್ತರಿ ತಗೊಂಡೆ.

"ಯಾವ ಹಮಾಲಿ ಹೊಲಿದನೋ ಇದನ್ನ," ಎಂದೆ.

ಮಾಸ್ಟರ್ ನಕ್ಕರು. ನಾನೂ ನಕ್ಕೆ.

ಎಷ್ಟು ಹೊಲಿಗೆ ಇತ್ತು ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಗೊತ್ತಿಲ್ಲ. ಕಚ್ಚಾ ಹೊಲಿಗೆಯನ್ನು ಯಾರಾದರೂ ಎಣಿಸುತ್ತಾರೆಯೇ? ಕಿತ್ತ ದಾರಗಳನ್ನು ಅಂಗೈಯಿಂದ ಗುಡಿಸಿ ಮೇಜಿನ ಕೆಳಗಿನ ಚಿಂದಿ ಮೂಟೆಗೆ ತಳ್ಳಿದೆ. ಜಾಕೆಟ್ಟನ್ನು ಬಿಸಿನೀರಿನಲ್ಲಿ ನೆನೆಸಿ, ಒಗೆದು, ಒಣಗಿಸಿ, ಹಬೆ ಇಸ್ತ್ರಿ ಹಾಕಿದೆ. ಒಳಮಗ್ಗುಲಿಗೂ ಹಾಕಿದೆ. ನನ್ನ ಕೈಯಿಂದ ಅಷ್ಟು ಒಳ್ಳೆಯ ಕೆಲಸ ಅದಕ್ಕೆ ಮೊದಲು ಆಗಿರಲಿಲ್ಲ.

ಶನಿವಾರ ಮಧ್ಯಾಹ್ನ ಮನೆಗೆ ತಂದೆ.

"ಎದ್ದು ನಿಂತ್ಕೋ ತಾತ. ಕಣ್ಣು ಮುಚ್ಚು."

"ನನ್ನ ಕಣ್ಣನ್ನ ಬೇರೆ ಮುಚ್ಬೇಕಾ? ಇರೋದೇ ಹೀಗೆ," ಎಂದು ನಗುತ್ತ ನಿಂತ. ನಾನು ತೋಳು ತೂರಿಸಿ, ಜಿಪ್ಪು ಎಳೆದು, ಕಾಲರು ಸರಿ ಮಾಡಿದೆ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಳು. "ಮದುಮಗನ ಥರ ಕಾಣ್ತೀಯಪ್ಪ," ಎಂದಳು.

ತಾತ ಜಿಪ್ಪನ್ನು ಮೇಲೆ ಕೆಳಗೆ ಎಳೆದು ನೋಡಿದ. ಮೊಣಕೈ ಮುಟ್ಟಿ, "ತೇಪೆ ಎಲ್ಲಿ ಹಾಕಿದೀಯ, ಸಿಗ್ತಾನೇ ಇಲ್ವಲ್ಲೋ," ಎಂದ. ನನಗೆ ಎದೆಯುಬ್ಬಿತು. ಆಮೇಲೆ ಅವನ ಬಲಗೈ ತನ್ನ ಪಾಡಿಗೆ ತಾನು ಎಡಗಡೆಯ ಒಳಮಗ್ಗುಲಿಗೆ ಹೋಯಿತು.

ಕೈ ಮೇಲಿಂದ ಕೆಳಗೆ ಬಂತು. ಮತ್ತೆ ಮೇಲಕ್ಕೆ ಹೋಯಿತು. ಬಲಗಡೆಯೇನಾದರೂ ಇದೆಯೇ ಎಂದು ಆ ಕಡೆಯೂ ಹುಡುಕಿತು. ಮುಖದ ಮೇಲೆ ನಗು ಇನ್ನೂ ಹಾಗೇ ಇತ್ತು, ಅದಕ್ಕೆ ಸುದ್ದಿ ಮುಟ್ಟಿರಲಿಲ್ಲ.

"ಎಲ್ಲಿ?" ಎಂದ.

"ಏನ್ ಎಲ್ಲಿ ತಾತ?"

"ನನ್ನ ಹುಡುಗ್ರು."

ಕುರ್ಚಿಯಲ್ಲಿ ಕೂರಿಸಿದೆವು. ಅಮ್ಮ ನೀರು ಕೊಟ್ಟಳು, ಕುಡಿಯಲಿಲ್ಲ. ನನಗೆ ಆಗಲೇ ಅರ್ಥವಾಗಿತ್ತು. ಆದರೂ ಅವನು ಹೇಳುವವರೆಗೆ ಅರ್ಥವಾಗದವನ ಹಾಗೆ ನಿಂತಿದ್ದೆ.

"ಒಬ್ಬೊಬ್ಬನಿಗೆ ಒಂದು ಹೊಲಿಗೆ," ಎಂದ. "ಓದು ಬರಹ ನನಗೆ ಬರ್ತಿರ್ಲಿಲ್ಲ. ಹೆಸರು ಕೇಳೋಕೆ ಹೊತ್ತೂ ಇರ್ತಿರ್ಲಿಲ್ಲ. ಡೇರೇಲಿ ಇಳಿಸೋಕೆ ಮುಂಚೆ ಅವನ ಬಟ್ಟೆಯಿಂದ್ಲೇ ಒಂದೆಳೆ ಎಳ್ಕೊಳ್ತಿದ್ದೆ. ಸಂಜೆ ಕೂತು ಹಾಕ್ತಿದ್ದೆ. ಅಡ್ಡ ಹಾಕಿದ್ದು ಬದುಕಿದೋರು. ಉದ್ದ ಹಾಕಿದ್ದು ದಾರೀಲೇ ಹೋದೋರು. ನಾಳೆ ಕೋಟು ಬಿಚ್ಚಿ ತೋರಿಸೋಣ ಅಂತಿದ್ದೆ. ಇಷ್ಟು ಜನಾಪ್ಪ, ಇವರನ್ನ ನೀವೇ ಇಟ್ಕೊಳ್ಳಿ ಅಂತ."

"ಎಷ್ಟು ಜನ ತಾತ? ಲೆಕ್ಕ ನೆನಪಿದ್ಯಾ?"

"ಲೆಕ್ಕ ಯಾಕೆ ಇಟ್ಕೊಳ್ಳಲಿ? ಇಲ್ಲೇ ಇದ್ರಲ್ಲ."

ಜಾಕೆಟ್ಟನ್ನು ಬಿಚ್ಚಿಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಸೂಜಿ ಹೋದ ಗುರುತು ಕಂಡರೆ ಸಾಕಿತ್ತು, ಎಣಿಸಬಹುದಿತ್ತು. ಆದರೆ ಬಿಸಿನೀರು ಕುಡಿದ ಹತ್ತಿ ಉಬ್ಬಿ ತೂತು ಮುಚ್ಚಿಕೊಂಡಿತ್ತು, ಮೇಲೆ ನನ್ನ ಇಸ್ತ್ರಿ ಬೇರೆ. ಅಲ್ಲಲ್ಲಿ ನಾಲ್ಕು ಚುಕ್ಕಿ ಕಂಡವು. ಅವು ಹುಳ ತಿಂದದ್ದೋ ಸೂಜಿ ಚುಚ್ಚಿದ್ದೋ, ದೇವರೇ ಬಲ್ಲ. ನಾನೇ ಮಾಡಿದ ಕೆಲಸವನ್ನು ನಾನೇ ಜಾಲಾಡಿದೆ. ಒಂದು ಕೊರತೆ ಸಿಗಲಿಲ್ಲ.

ಮೂಟೆ ನೆನಪಾಯಿತು. ಅಂಗಡಿಗೆ ಓಡಿದೆ.

"ಮೂಟೆಯಾ?" ಎಂದರು ಮಾಸ್ಟರ್. "ಶನಿವಾರ ಅಲ್ವೇನೋ. ಬೆಳಿಗ್ಗೇನೇ ಹಾಸಿಗೆಯವನು ಬಂದು ತಗೊಂಡು ಹೋದ." ವಿಷಯ ಕೇಳಿ ಕನ್ನಡಕ ತೆಗೆದಿಟ್ಟರು. "ಬಿಚ್ಚು ಅಂದೋನು ನಾನೇ," ಎಂದರು. ಅಂಗಡಿಯ ಬಾಗಿಲು ಹಾಕಿ ನನ್ನ ಹಿಂದೆಯೇ ಬಂದರು. ಏಳು ವರ್ಷದಲ್ಲಿ ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿದ್ದು ಅದೊಂದೇ ಸಲ.

ಹಾಸಿಗೆಯವನ ಶೆಡ್ಡಿನಲ್ಲಿ ಹಿಂಜುವ ಮಷಿನ್ ಓಡುತ್ತಿತ್ತು. ಚಿಂದಿಯನ್ನು ಹರಿದು ಹಿಂಜಿ ಹತ್ತಿಯ ಜೊತೆ ಬೆರೆಸುವ ಮಷಿನ್. ಅವನ ಹುಬ್ಬು ಮೀಸೆಯೆಲ್ಲ ಬೆಳ್ಳಗಾಗಿತ್ತು. ನಮ್ಮ ಮೂಟೆ ಅರ್ಧ ಖಾಲಿಯಾಗಿ ಬಿದ್ದಿತ್ತು.

"ನಿಲ್ಸಿ! ಮಷಿನ್ ನಿಲ್ಸಿ!"

"ಏನಾಯ್ತೋ? ಉಂಗುರ ಬಿತ್ತಾ?"

"ದಾರ."

"ದಾರಾನಾ?" ಅವನು ಮಾಸ್ಟರ ಮುಖ ನೋಡಿದ. "ಸೂಜಿ ಹುಡ್ಕೊಂಡು ಬರೋ ದರ್ಜಿಗಳನ್ನ ನೋಡಿದೀನಿ. ದಾರ ಹುಡ್ಕೊಂಡು ಬಂದೋರು ನೀವೇ ಮೊದಲು. ಬಿಸಿಲಿಗೆ ಏನಾದ್ರೂ ಆಗಿದ್ಯಾ ಹುಡುಗನಿಗೆ?"

ಮಾಸ್ಟರ್ ಅವನನ್ನು ಪಕ್ಕಕ್ಕೆ ಕರೆದು ಹೇಳಿದರು. ಅವನು ಮಷಿನ್ ನಿಲ್ಲಿಸಿದ. ಆಮೇಲೆ ತಮಾಷೆ ಮಾಡಲಿಲ್ಲ. ಮೂವರೂ ನೆಲದ ಮೇಲೆ ಕೂತು ಮೂಟೆಯ ಚಿಂದಿಯನ್ನು ಹಿಡಿ ಹಿಡಿಯಾಗಿ ಬಿಡಿಸಿದೆವು. ಮೂಟೆಯಿಂದ ತೆಗೆದದ್ದನ್ನು ಆಗಲೇ ತುಂಬಿ ಹೊಲಿದಿದ್ದ ಎರಡು ಹಾಸಿಗೆಗಳನ್ನು ಗಿರಾಕಿ ಬೆಳಿಗ್ಗೆ ಹನ್ನೊಂದಕ್ಕೇ ಒಯ್ದಿದ್ದ. ಯಾರು ಎಂದು ಕೇಳಿದೆ. "ಯಾರೋ ಗಾಡಿ ತಂದಿದ್ರು, ಹಾಕ್ಕೊಂಡು ಹೋದ್ರು. ಮಲಗೋನ ಹೆಸರು ಕೇಳ್ತಾರಾ?" ಎಂದ.

ಐದು ಗಂಟೆಯ ಹೊತ್ತಿಗೆ ನನ್ನ ಕರವಸ್ತ್ರದಲ್ಲಿ ಹತ್ತೊಂಬತ್ತು ಎಳೆಗಳಿದ್ದವು. ಕಂದು ಹುರಿ ಇರಲಿಲ್ಲ.

ತಾತ ಕಿಟಕಿಯ ಬಳಿ ಖಾಲಿ ತೊಡೆಯಲ್ಲಿ ಕೂತಿದ್ದ. ಅವನ ಅಂಗೈಗೆ ಒಂದೊಂದೇ ಎಳೆ ಇಟ್ಟೆ. ಹೆಬ್ಬೆರಳಿನಿಂದ ಹೊಸೆದು ನೋಡಿದ.

"ಇದು ನಿಮ್ಮ ಅಂಗಡೀದು. ಮಷಿನ್ ದಾರ."

ಐದು ಹಾಗೆ ಹೋದವು. ಆರನೆಯದು ನೀಲಿ ಉಣ್ಣೆ. ಅದನ್ನು ಮುಟ್ಟಿದ್ದೇ ತಡ ತಾತನ ಬೆನ್ನು ನೆಟ್ಟಗಾಯಿತು.

"ಇವನು! ಇವನ ತಂಗಿ ಹೆಣೆದುಕೊಟ್ಟ ಕಾಲುಚೀಲ. ದಾರಿಯುದ್ದಕ್ಕೂ ನನ್ನನ್ನ ಬೈದ. ಕೆಸರಲ್ಲಿ ಹಾಯಿಸ್ಬೇಡ್ರೋ, ಕಾಲುಚೀಲ ಹಾಳಾಗುತ್ತೆ ಅಂತ. ಒಂದು ಕಾಲು ಇರ್ಲೇ ಇಲ್ಲ ಅವನಿಗೆ. ಬದುಕಿದ." ಇನ್ನೊಂದನ್ನು ಹೊಸೆದ. "ಇವನು ನಮ್ಮೋನಲ್ಲ. ಆ ಕಡೆಯೋನು. ಅವರ ಬಟ್ಟೆ ಹೀಗೇ, ಜಾರ್ತಿತ್ತು. ಬಿಟ್ಟು ಬನ್ನಿ ಅಂದ್ರು. ಕೂಗ್ತಿದ್ದ, ಹೇಗೆ ಬಿಟ್ಟು ಬರೋದು?" ಇನ್ನೊಂದು ಬ್ಯಾಂಡೇಜಿನ ಬಿಳಿ ಎಳೆ. "ಇವನಿಗೆ ಮೈಮೇಲೆ ಬಟ್ಟೇನೇ ಇರ್ಲಿಲ್ಲ. ಅದಕ್ಕೇ ಇದು."

ನಾಲ್ವರು ಸಿಕ್ಕರು. ಉಳಿದ ಹತ್ತನ್ನು ಬಹಳ ಹೊತ್ತು ಹೊಸೆದ. ಜಾಗದಲ್ಲಿದ್ದರೆ ಗೊತ್ತಾಗುತ್ತಿತ್ತಂತೆ, ಯಾರ ಪಕ್ಕ ಯಾರು ಅಂತ. ಅಡ್ಡವಾ ಉದ್ದವಾ ಎಂದು ನನ್ನನ್ನು ಕೇಳಿದ. ಕಿತ್ತ ದಾರಕ್ಕೆ ಅಡ್ಡ ಉದ್ದ ಎಲ್ಲಿರುತ್ತದೆ?

"ಮುಂದಿನೋನು ಸಿಗ್ಲಿಲ್ವಾ?" ಎಂದ ಕೊನೆಗೆ.

"ಯಾರು ತಾತ?"

"ಸ್ಟ್ರೆಚರ್‌ಗೆ ಇಬ್ರು ಬೇಕಲ್ಲ. ನಾನು ಹಿಂದೆ, ಅವನು ಮುಂದೆ. ಹನ್ನೊಂದು ತಿಂಗಳು ಅವನ ಬೆನ್ನು ನೋಡ್ಕೊಂಡೇ ನಡೆದಿದ್ದು. ಅವನಿಗೇ ಗುಂಡು ಬಿತ್ತು ಒಂದಿನ. ಮುಂದೆ ಹಿಡಿಯೋರಿಲ್ಲ, ಬೆನ್ನ ಮೇಲೆ ಹಾಕ್ಕೊಂಡು ಬಂದೆ. ಸ್ಟ್ರೆಚರ್ ಕಟ್ಟೋ ಹುರೀನೇ ಕಿತ್ತು ಹಾಕಿದ್ದೆ ಅವನಿಗೆ, ಜೋಡಿ ಎಳೆ. ಎಲ್ಲರಿಗಿಂತ ಮೇಲೆ."

"ಸಿಗ್ಲಿಲ್ಲ ತಾತ."

"ಗಟ್ಟಿ ಇತ್ತಲ್ಲೋ ಅದು."

"ಕತ್ತರಿಯಲ್ಲಿ ಕತ್ತರಿಸಿದೆ."

ತಾತ ತಲೆಯಾಡಿಸಿದ. ಬೈಯಲಿಲ್ಲ. ಬೈದಿದ್ದರೆ ನಾನೂ ಎದುರಾಡಬಹುದಿತ್ತು. ಹೇಳಬೇಕಿತ್ತಲ್ಲ ನೀನು, ಎಷ್ಟು ವರ್ಷ ಬಾಯಿಗೆ ಬೀಗ ಹಾಕಿ ಕೂತಿದ್ದೆ ಎಂದು ಕೂಗಬಹುದಿತ್ತು. ಆ ಮಾತು ಇವತ್ತಿಗೂ ನನ್ನ ಗಂಟಲಲ್ಲೇ ಇದೆ. ಕೇಳದೆ ಕೋಟು ಎತ್ತಿಕೊಂಡು ಹೋದವನು ನಾನು.

ಭಾನುವಾರ ಅವನು ಹೋಗುವುದಿಲ್ಲ ಎಂದುಕೊಂಡಿದ್ದೆ. ಒಂಬತ್ತಕ್ಕೇ ಎದ್ದು ಜಾಕೆಟ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. "ಬರ್ತೀನಿ ಅಂದ ಮೇಲೆ ಬರ್ಬೇಕು," ಎಂದ. ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡು ನಡೆದ, ನಾನು ಮುಂದೆ, ಅವನು ಹಿಂದೆ. ಹಾಗೆ ನಡೆದದ್ದು ದಾರಿ ಅರ್ಧ ಆದ ಮೇಲೆ ನನಗೆ ಹೊಳೆಯಿತು. ಪಕ್ಕಕ್ಕೆ ಸರಿಯಲು ಧೈರ್ಯ ಬರಲಿಲ್ಲ.

ಸ್ಮಾರಕದ ಮುಂದೆ ಕುರ್ಚಿಗಳು. ಮೊದಲ ಸಾಲಿನಲ್ಲಿ ಪದಕದವರು. ಕಾರ್ಯದರ್ಶಿ ತಾತನನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿ ಮೈಕಿನ ಮುಂದೆ ನಿಲ್ಲಿಸಿದ.

"ತಾತ, ಯುದ್ಧದಲ್ಲಿ ಎಷ್ಟು ಜನರನ್ನ ಹೊತ್ತು ತಂದಿರಿ ಅಂತ ಎಲ್ಲರಿಗೂ ಹೇಳ್ಬೇಕು."

ತಾತ ಜಿಪ್ಪು ಎಳೆದ. ಎಡಗಡೆಯ ಮಗ್ಗುಲನ್ನು ತೆರೆದು ಹಿಡಿದ. ಒಳಗೆ ನನ್ನ ಇಸ್ತ್ರಿ. ಒಂದು ಸುಕ್ಕಿಲ್ಲ. ಜನ ಕಾಯುತ್ತಿದ್ದರು. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

"ಗೊತ್ತಿಲ್ಲ," ಎಂದ.

ಮೈಕು ಕುಂಯ್ಗುಟ್ಟಿತು. ತಾತ ಬಟ್ಟೆಯನ್ನು ಹಿಡಿದೇ ಇದ್ದ. ಅವನ ಕಣ್ಣು ನನ್ನನ್ನು ಹುಡುಕುತ್ತಿತ್ತು, ನಾನು ನಿಂತ ಕಡೆಗಲ್ಲ, ಇನ್ನೆಲ್ಲೋ.

"ನನ್ನ ಮೊಮ್ಮಗ ಸರಿ ಮಾಡಿಕೊಟ್ಟ ಇದನ್ನ," ಎಂದ. "ದರ್ಜಿ ಅವನು. ನೋಡಿ, ತೇಪೆ ಎಲ್ಲಿದೆ ಅಂತ ಗೊತ್ತಾಗೋದೇ ಇಲ್ಲ."

ಜನ ಚಪ್ಪಾಳೆ ತಟ್ಟಿದರು. ಪದಕದವರೂ ತಟ್ಟಿದರು. ನನ್ನ ಪಕ್ಕದಲ್ಲಿದ್ದವನು ಬೆನ್ನು ತಟ್ಟಿ, "ಹಮಾಲಿ ಮೊಮ್ಮಗ ಅಲ್ವಾ ನೀನು? ಒಳ್ಳೇ ಕೈ ಕಣೋ," ಎಂದ. ನಾನು ಅವನ ಹಲ್ಲು ಮುರಿಯಲಿಲ್ಲ.

ತಾತ ಆಮೇಲೆ ಎರಡು ವರ್ಷ ಇದ್ದ. ದಿನಾ ಸಂಜೆ ಜಾಕೆಟ್ ತೊಡೆಯ ಮೇಲಿರುತ್ತಿತ್ತು, ಕೈ ಮಾತ್ರ ಒಳಗೆ ಹೋಗದೆ ಮೇಲೇ ಇರುತ್ತಿತ್ತು. ಜಾಕೆಟ್ ಈಗ ಅದೇ ಮೊಳೆಯಲ್ಲಿದೆ. ಹದಿನಾಲ್ಕು ಎಳೆಗಳು ಬಾಬಿನ್ ಡಬ್ಬಿಯಲ್ಲಿವೆ. ನೀಲಿ ಉಣ್ಣೆಯನ್ನಾದರೂ ಹೊಲಿದುಬಿಡು, ಅವನು ಬದುಕಿದವನಲ್ಲವೇ, ಅಡ್ಡ ಹಾಕಿದರಾಯಿತು ಎನ್ನುತ್ತಾರೆ ಮಾಸ್ಟರ್. ಸೂಜಿಗೆ ಪೋಣಿಸುತ್ತೇನೆ. ಎಲ್ಲಿ ಚುಚ್ಚಬೇಕು ಎಂದು ಗೊತ್ತಾಗದೆ ತೆಗೆದಿಡುತ್ತೇನೆ.

ಆ ಎರಡು ಹಾಸಿಗೆ ಒಯ್ದವರನ್ನು ಬಹಳ ಕಡೆ ವಿಚಾರಿಸಿದೆ. ಸಿಗಲಿಲ್ಲ. ಈ ಊರಿನಲ್ಲೇ ಯಾರೋ ದಿನಾ ಮುಂದಿನವನ ಮೇಲೆ ಮಲಗುತ್ತಾರೆ. ಗಟ್ಟಿ ಹುರಿ ಅದು. ಒಂದೊಂದು ಸಲ ಬೆನ್ನಿಗೆ ಒತ್ತುತ್ತಿರಬೇಕು.